ಹಳದಿ ಜೋನ್ ಅಂದ್ರೇನು, ಬೈಪಾಸ್ ಬಂದ್ಮೇಲೆ ಪೇಟೆ ಯಾಕೆ ಖಾಲಿ? ರಾಮನಗರ, ಬಿಡದಿಯಂಥ ಊರುಗಳ ಪ್ಲ್ಯಾನಿಂಗ್ ಹೇಗೆ ನಡೆಯುತ್ತೆ ಅಂತ ಸ್ವಲ್ಪ ಬಿಡಿಸಿ ಹೇಳ್ತೀನಿ

ಹಬ್ಬಕ್ಕೆ ಊರಿಗೆ ಹೋದಾಗ ಚಿಕ್ಕಪ್ಪ ಒಂದು ಜೆರಾಕ್ಸ್ ಹಾಳೆ ತಂದು ಮುಂದಿಟ್ರು. ಯಾರೋ ಬ್ರೋಕರ್ ಕೊಟ್ಟ ಮ್ಯಾಪು, ಅದ್ರಲ್ಲಿ ಒಂದ್ಕಡೆ ಪೆನ್ನಲ್ಲಿ ಸುತ್ತು ಹಾಕಿ "ಯೆಲ್ಲೋ ಜೋನ್" ಅಂತ ಬರ್ದಿದ್ದ. ತಮಾಷೆ ಏನಪ್ಪಾ ಅಂದ್ರೆ ಆ ಮ್ಯಾಪಿನ ಜೀವಾನೇ ಬಣ್ಣ, ಜೆರಾಕ್ಸ್‌ನಲ್ಲಿ ಎಲ್ಲಾ ಬೂದಿ ಬೂದಿ. "ಇಲ್ಲಿ ಒಂದು ಥರ್ಟಿ ಫಾರ್ಟಿ ತಗೊಳ್ಳೋಣ ಅಂತಿದೀನಿ, ಏನಂತೀಯ" ಅಂದ್ರು. ನನಗೂ ಆಗ ಪೂರ್ತಿ ಗೊತ್ತಿರ್ಲಿಲ್ಲ.

2025ರ ಮೇನಲ್ಲಿ ರಾಮನಗರ ಜಿಲ್ಲೆ ಹೆಸರನ್ನ ಬೆಂಗಳೂರು ದಕ್ಷಿಣ ಅಂತ ಬದಲಾಯಿಸೋಕೆ ಸಂಪುಟ ತೀರ್ಮಾನ ಮಾಡ್ದಾಗಿಂದ, ಮತ್ತೆ ಬಿಡದಿ ಹತ್ರ ಬೈರಮಂಗಲ, ಕಂಚುಗಾರನಹಳ್ಳಿ ಕಡೆ ಏಳು ಸಾವಿರಕ್ಕೂ ಹೆಚ್ಚು ಎಕರೆಯಲ್ಲಿ ಟೌನ್‌ಶಿಪ್ ಮಾಡ್ತೀವಿ ಅಂತ ನೋಟಿಸ್ ಬಂದಾಗಿಂದ, ಆ ಕಡೆ ಮನೆಮನೆಲೂ ಇದೇ ಮಾತು. ಸಿಡಿಪಿ, ಕನ್ವರ್ಷನ್, ಟಿಓಡಿ, ಎಫ್‌ಎಆರ್ ಅಂತ ಪದಗಳು ಹಾರಾಡ್ತವೆ, ಅರ್ಥ ಮಾತ್ರ ಯಾರೂ ಹೇಳಲ್ಲ. ಟೌನ್‌ಶಿಪ್ ಬೇಕೋ ಬೇಡ್ವೋ ಅನ್ನೋದು ಬೇರೆ ಚರ್ಚೆ, ಅದಕ್ಕೆ ನಾನು ಇಲ್ಲಿ ಕೈ ಹಾಕಲ್ಲ. ಇಂಥ ಊರನ್ನ ಪ್ಲ್ಯಾನ್ ಮಾಡೋದು ಅಂದ್ರೆ ಅಸಲಿಗೆ ಏನು ಮಾಡ್ತಾರೆ, ಅಷ್ಟೇ ನೋಡೋಣ.

ಕಮ್ಯೂಟರ್ ಊರು ಅಂದ್ರೆ

ಬೆಳಿಗ್ಗೆ ರಾಮನಗರ ಸ್ಟೇಷನ್‌ಗೆ ಹೋಗಿ ನಿಂತ್ರೆ ಬೇರೆ ವ್ಯಾಖ್ಯಾನ ಬೇಕಾಗಲ್ಲ. ಮೆಮು ಬಂತು, ಚಾಮುಂಡಿ ಬಂತು, ಸೀಸನ್ ಪಾಸ್‌ನವರೆಲ್ಲ ಅವರವರ ಮಾಮೂಲಿ ಬೋಗಿಗೆ ಹತ್ತಿದ್ರು, ಪ್ಲಾಟ್‌ಫಾರಂ ಖಾಲಿ. ಸಂಜೆ ಇದೇ ಸಿನಿಮಾ ಉಲ್ಟಾ. ನಿದ್ದೆ ಇಲ್ಲಿ, ದುಡಿಮೆ ಬೇರೆ ಊರಲ್ಲಿ. ದೊಡ್ಡ ಸಿಟಿಯಲ್ಲಿ ಬಾಡಿಗೆ ತಡ್ಕೊಳ್ಳಕ್ಕಾಗಲ್ಲ, ಸ್ವಂತ ಮನೆ ಆಸೆ ಬಿಡಕ್ಕಾಗಲ್ಲ, ಅದಕ್ಕೆ ಜನ ದೂರ ಹೋಗ್ತಾರೆ, ಸೈಟ್ ರೇಟಲ್ಲಿ ಉಳಿಸಿದ ದುಡ್ಡನ್ನ ದಿನಾ ಎರಡು ಮೂರು ಗಂಟೆ ಪ್ರಯಾಣದಲ್ಲಿ ಕಂತು ಕಟ್ಟಿದ ಹಾಗೆ ತೀರಿಸ್ತಾರೆ.

ಬೆಂಗಳೂರಿನ ಸುತ್ತ ಇಂಥವು ಸುಮಾರಿವೆ. ದೊಡ್ಡಬಳ್ಳಾಪುರ, ನೆಲಮಂಗಲ, ಹೊಸಕೋಟೆ, ಮಾಲೂರು, ಆನೇಕಲ್, ಗಡಿ ದಾಟಿದ್ರೆ ಹೊಸೂರು. ಕೆಂಗೇರಿ ಒಂದು ಕಾಲಕ್ಕೆ ಇದೇ ಥರ ದೂರದ ಊರು, ಅಲ್ಲಿನ ಸ್ಯಾಟಲೈಟ್ ಟೌನ್ ಅನ್ನೋ ಹೆಸರು ಆಗಿಂದೇ ಬಂದಿದ್ದು, ಈಗ ಅದು ಬೆಂಗಳೂರಿನ ಹೊಟ್ಟೆಯೊಳಗೇ ಇದೆ. ರಾಮನಗರ ಬೆಂಗಳೂರಿಂದ ಸುಮಾರು 50 ಕಿಲೋಮೀಟರ್, ಬಿಡದಿ ಅದಕ್ಕಿಂತ ಹತ್ರ, ಚನ್ನಪಟ್ಟಣ ಇನ್ನೊಂದು ಹತ್ತು ಕಿಲೋಮೀಟರ್ ಮುಂದೆ.

ಬಿಡದಿ ಕಥೆ ಸ್ವಲ್ಪ ಬೇರೆ. 1999ರ ಕೊನೆಯಲ್ಲಿ ಟೊಯೋಟಾ ಕಾರ್ಖಾನೆಯಲ್ಲಿ ಗಾಡಿ ತಯಾರಾಗೋಕೆ ಶುರುವಾದ್ಮೇಲೆ ಬೆಂಗಳೂರಿಂದ ಬಿಡದಿಗೆ ಕಂಪನಿ ಬಸ್ಸಲ್ಲಿ ಬರೋ ಜನಾನೂ ಸಾವಿರಗಟ್ಟಲೆ. ಅಂದ್ರೆ ಬೆಳಿಗ್ಗೆ ಅದೇ ರಸ್ತೆಯಲ್ಲಿ ಕೆಲ್ಸಕ್ಕೆ ಅತ್ಲಾಗೆ ಹೋಗೋರೂ ಇದಾರೆ, ಇತ್ಲಾಗೆ ಬರೋರೂ ಇದಾರೆ. ಇದು ಬರೀ ಸ್ವಾರಸ್ಯದ ವಿಷ್ಯ ಅಲ್ಲ, ಯಾಕೆ ಅಂತ ಮುಂದೆ ಬರುತ್ತೆ.

ಮಲಗೋ ಊರಿಗೆ ಖರ್ಚು, ದುಡಿಯೋ ಊರಿಗೆ ವ್ಯಾಪಾರ

ಒಂದು ಮನೆ ಅಂದ್ಕೊಳ್ಳಿ. ಮಕ್ಕಳೆಲ್ಲ ಬೆಳಿಗ್ಗೆ ಎದ್ದು ಸ್ನಾನ ಮಾಡಿ ಹೋಗ್ತಾರೆ, ಊಟ ತಿಂಡಿ ಶಾಪಿಂಗ್ ಎಲ್ಲಾ ಹೊರಗೆ, ರಾತ್ರಿ ಬಂದು ಮಲಗ್ತಾರೆ. ನೀರಿನ ಬಿಲ್, ಕರೆಂಟ್ ಬಿಲ್, ಕಸ ಎತ್ತೋದು ಎಲ್ಲಾ ಅಪ್ಪನ ತಲೆ ಮೇಲೆ. ಕಮ್ಯೂಟರ್ ಊರಿನ ನಗರಸಭೆ ಅಂದ್ರೆ ಆ ಅಪ್ಪ. ನೀರು, ಚರಂಡಿ, ಬೀದಿದೀಪ, ಕಸ ಇಲ್ಲಿ ಕೊಡ್ಬೇಕು, ಆದ್ರೆ ಆ ಜನ ಮಧ್ಯಾಹ್ನ ಊಟ ಮಾಡೋದು, ಬಟ್ಟೆ ತಗೊಳ್ಳೋದು, ಬೆಂಗಳೂರಲ್ಲಿ.

ನಗರಸಭೆಗೆ ತಾನೇ ವಸೂಲಿ ಮಾಡ್ಕೊಳ್ಳೋ ಆದಾಯದಲ್ಲಿ ದೊಡ್ಡದು ಆಸ್ತಿ ತೆರಿಗೆ, ಆಮೇಲೆ ನೀರಿನ ಶುಲ್ಕ, ಲೈಸೆನ್ಸ್ ಫೀಸು. ಅಂಗಡಿ, ಆಫೀಸು, ಫ್ಯಾಕ್ಟರಿಗೆ ಮನೆಗಿಂತ ಜಾಸ್ತಿ ತೆರಿಗೆ. ಹಾಗಾಗಿ ಬರೀ ಮನೆಗಳೇ ತುಂಬಿದ ಊರು ಜನ ಹೆಚ್ಚಿದಷ್ಟೂ ಖರ್ಚಿಗೆ ಸಿಗಾಕ್ಕೊಳ್ಳುತ್ತೆ, ಉಳಿದಿದ್ದಕ್ಕೆಲ್ಲ ರಾಜ್ಯ, ಕೇಂದ್ರದ ಅನುದಾನಕ್ಕೆ ಕಾಯ್ಬೇಕು. ಸೈಟ್ ರಿಜಿಸ್ಟ್ರೇಷನ್ ಜೋರಾಗಿದೆ, ನಗರಸಭೆಗೆ ಒಳ್ಳೆ ದುಡ್ಡು ಅಂತ ಎಷ್ಟೋ ಜನ ಅಂದ್ಕೊಂಡಿರ್ತಾರೆ, ಆದ್ರೆ ಮುದ್ರಾಂಕ ಶುಲ್ಕದ ಬಹುಪಾಲು ಹೋಗೋದು ರಾಜ್ಯದ ಖಜಾನೆಗೆ.

ಪ್ಲ್ಯಾನರ್‌ಗಳು ಇಂಥ ಊರಲ್ಲಿ ಮೊದ್ಲು ಕೇಳೋ ಪ್ರಶ್ನೆ ಇದೇ: ಬೆಳಿಗ್ಗೆ ಹತ್ತರಿಂದ ಸಂಜೆ ಐದರ ತನಕ ಈ ಊರಲ್ಲಿ ಏನು ನಡೆಯುತ್ತೆ? ಬಿಡದಿಗೆ ಉತ್ತರ ಇದೆ, ಫ್ಯಾಕ್ಟರಿ. ರಾಮನಗರಕ್ಕೂ ಇದೆ, ರೇಷ್ಮೆ. ಹೊಸದಾಗಿ ಎದ್ದಿರೋ ಎಷ್ಟೋ ಲೇಔಟ್‌ಗಳಿಗೆ ಉತ್ತರ ಇಲ್ಲ.

ಬಣ್ಣದ ಮ್ಯಾಪು

ಈಗ ಚಿಕ್ಕಪ್ಪನ ಹಾಳೆಗೆ ಬರೋಣ. ಸಿಡಿಪಿ ಅಂತ ಜನ ಕರೆಯೋದು ಸಮಗ್ರ ಅಭಿವೃದ್ಧಿ ಯೋಜನೆ, ಈಗಿನ ಕಾನೂನು ಭಾಷೆಯಲ್ಲಿ ಮಾಸ್ಟರ್ ಪ್ಲ್ಯಾನ್, ಕನ್ನಡದಲ್ಲಿ ಮಹಾಯೋಜನೆ ಅಂತಾರೆ. ಕರ್ನಾಟಕ ನಗರ ಮತ್ತು ಗ್ರಾಮಾಂತರ ಯೋಜನಾ ಕಾಯ್ದೆ 1961ರ ಕೆಳಗೆ ಮಾಡೋದು. ರಾಮನಗರ, ಚನ್ನಪಟ್ಟಣ ಎರಡಕ್ಕೂ ಸೇರಿ ಒಂದು ನಗರಾಭಿವೃದ್ಧಿ ಪ್ರಾಧಿಕಾರ ಇದೆ. ಬಿಡದಿ ಟೌನ್‌ಶಿಪ್ ನೋಡ್ಕೊಳ್ಳೋದು ಗ್ರೇಟರ್ ಬೆಂಗಳೂರು ಅಭಿವೃದ್ಧಿ ಪ್ರಾಧಿಕಾರ. ಇವೆರಡರ ಮೇಲೆ ಇಡೀ ಪ್ರದೇಶಕ್ಕೆ ಒಂದು ಕಣ್ಣಿಡೋದಕ್ಕೆ ಅಂತ 1985ರ ಕಾಯ್ದೆಯಿಂದ ಬಂದಿದ್ದು ಬಿಎಂಆರ್‌ಡಿಎ, ಅಂದ್ರೆ ಬೆಂಗಳೂರು ಮಹಾನಗರ ಪ್ರದೇಶಾಭಿವೃದ್ಧಿ ಪ್ರಾಧಿಕಾರ.

ಮ್ಯಾಪಲ್ಲಿ ಪ್ರತಿ ಜಾಗಕ್ಕೂ ಒಂದು ಬಣ್ಣ. ಸಾಮಾನ್ಯವಾಗಿ ಹಳದಿ ಅಂದ್ರೆ ವಸತಿ, ನೀಲಿ ವಾಣಿಜ್ಯ, ನೇರಳೆ ಕೈಗಾರಿಕೆ, ಕೆಂಪು ಅಂದ್ರೆ ಶಾಲೆ, ಆಸ್ಪತ್ರೆ, ಸರ್ಕಾರಿ ಕಟ್ಟಡದಂಥವು, ಹಸಿರು ಪಾರ್ಕು, ತಿಳಿ ಹಸಿರು ಕೃಷಿ, ಬೂದು ಬಣ್ಣ ರಸ್ತೆ ರೈಲು. ಅಡುಗೆಮನೆ ಎಲ್ಲಿ, ದೇವರಮನೆ ಎಲ್ಲಿ, ಬಚ್ಚಲು ಎಲ್ಲಿ ಅಂತ ಮನೆ ಕಟ್ಟೋ ಮುಂಚೆ ಗೆರೆ ಹಾಕ್ತೀವಲ್ಲ, ಅದೇ ಕೆಲಸ, ಊರಿನ ಅಳತೆಯಲ್ಲಿ. ವ್ಯತ್ಯಾಸ ಇಷ್ಟೇ, ಇಲ್ಲಿ ನಾವು ಗೆರೆ ಹಾಕ್ತಿರೋದು ಬೇರೆಯವರ ಜಮೀನಿನ ಮೇಲೆ, ಆ ಬಣ್ಣ ಬಿದ್ದ ದಿನವೇ ಒಬ್ಬನ ಎಕರೆ ರೇಟು ಏರುತ್ತೆ, ಪಕ್ಕದವನದ್ದು ಇದ್ದಲ್ಲೇ ಇರುತ್ತೆ.

ಇಷ್ಟೆಲ್ಲಾ ಗೆರೆ ಹಾಕೋಕೆ ಮುಂಚೆ ಜನ ಎಷ್ಟಾಗ್ತಾರೆ ಅಂತ ಲೆಕ್ಕ ಬೇಕು. 2011ರ ಜನಗಣತಿಯಲ್ಲಿ ರಾಮನಗರದಲ್ಲಿ ಸುಮಾರು 95 ಸಾವಿರ ಜನ, ಚನ್ನಪಟ್ಟಣದಲ್ಲಿ ಸುಮಾರು 72 ಸಾವಿರ. 2021ರ ಜನಗಣತಿ ನಡೀಲೇ ಇಲ್ಲ, ಹಾಗಾಗಿ ಈ ಹಳೇ ಲೆಕ್ಕದ ಮೇಲೆ ಅಂದಾಜು ಕಟ್ಟಿಕೊಂಡೇ ಇಷ್ಟು ವರ್ಷ ದೂಡಿದ್ದಾರೆ. ಹತ್ತು ವರ್ಷಕ್ಕೊಮ್ಮೆ ಪ್ಲ್ಯಾನ್ ಪರಿಷ್ಕರಿಸ್ಬೇಕು ಅಂತ ಕಾಯ್ದೆ ಹೇಳುತ್ತೆ. ಆದ್ರೆ ಬೆಂಗಳೂರೇ 2007ರಲ್ಲಿ ಜಾರಿಗೆ ಬಂದ, 2015ರ ತನಕಕ್ಕೆ ಅಂತ ಮಾಡಿದ ಪ್ಲ್ಯಾನ್ ಇಟ್ಕೊಂಡು 2015 ದಾಟಿದ್ಮೇಲೂ ಓಡ್ತಿದೆ, 2031ಕ್ಕೆ ಅಂತ ಮಾಡಿದ ಕರಡು ವಾಪಸ್ ಹೋಯ್ತು.

ಹಳದಿ ಆದ್ರೆ ಸೈಟ್ ಆಯ್ತು ಅಂತಲ್ಲ

ಇಲ್ಲಿ ಬಹಳ ಜನ ಎಡವ್ತಾರೆ. ಹಳದಿ ಅಂದ್ರೆ "ಇಲ್ಲಿ ಮುಂದೆ ಮನೆ ಬರಬಹುದು" ಅಂತ ಮಾತ್ರ. ಪಹಣಿಯಲ್ಲಿ ಅದು ಇನ್ನೂ ಹೊಲಾನೇ. ಅದನ್ನ ಕೃಷಿಯೇತರ ಮಾಡ್ಸೋದು ಭೂಪರಿವರ್ತನೆ, ಜನ ಡಿಸಿ ಕನ್ವರ್ಷನ್ ಅಂತಾರೆ, 1964ರ ಭೂಕಂದಾಯ ಕಾಯ್ದೆ ಕೆಳಗೆ. ಕನ್ವರ್ಷನ್ ಆದ್ಮೇಲೂ ಮುಗೀಲಿಲ್ಲ, ಸೈಟ್ ಮಾಡಿ ಮಾರ್ಬೇಕಾದ್ರೆ ಪ್ರಾಧಿಕಾರದಿಂದ ಲೇಔಟ್ ಅನುಮೋದನೆ ಬೇಕು. ಅದ್ರಲ್ಲಿ ರಸ್ತೆಗಿಷ್ಟು, ಪಾರ್ಕಿಗಿಷ್ಟು, ಸಿಎ ಸೈಟು ಅಂದ್ರೆ ಶಾಲೆ ಅಂಗನವಾಡಿಯಂಥವಕ್ಕಿಷ್ಟು ಅಂತ ಬಿಟ್ಟು ಉಳಿದಿದ್ದು ಮಾತ್ರ ಸೈಟು. ಸೈಟಿಗೆ ಉಳಿಯೋದು ಸರಿಸುಮಾರು ಅರ್ಧ ಭಾಗ.

ರೆವಿನ್ಯೂ ಸೈಟು, ಅಂದ್ರೆ ಈ ಅನುಮೋದನೆ ಇಲ್ದೆ ಹೊಲಾನೇ ತುಂಡು ಮಾಡಿ ಮಾರೋದು, ಕಡಿಮೆ ರೇಟಿಗೆ ಸಿಗೋದು ಯಾಕೆ ಅಂದ್ರೆ ರಸ್ತೆ ಪಾರ್ಕಿಗೆ ಅಂತ ಬಿಡ್ಬೇಕಾದ ಅರ್ಧ ಬಿಟ್ಟಿರಲ್ಲ. ರಸ್ತೆ ಇಪ್ಪತ್ತು ಅಡಿ, ಪಾರ್ಕಿಲ್ಲ, ಚರಂಡಿ ಇಲ್ಲ, ಎಲ್ಲಾ ಸೈಟೇ. ಹತ್ತು ವರ್ಷ ಆದ್ಮೇಲೆ ಅಲ್ಲಿ ಮನೆ ಕಟ್ಟಿರೋರು ರಸ್ತೆ ಅಗಲ ಮಾಡಿ, ನೀರು ಕೊಡಿ ಅಂತ ನಗರಸಭೆ ಮುಂದೆ ನಿಂತ್ರೆ ಕೊಡೋಕೆ ಜಾಗಾನೇ ಇರಲ್ಲ. ಅವತ್ತು ಉಳಿಸಿದ ದುಡ್ಡು ಇವತ್ತು ಟ್ಯಾಂಕರ್ ನೀರಿಗೆ ಹೋಗುತ್ತೆ.

ಎಫ್‌ಎಆರ್ ಅಂತ ಇನ್ನೊಂದು ಪದ. ಸೈಟಿನ ಅಳತೆಯ ಎಷ್ಟು ಪಟ್ಟು ಕಟ್ಟಡ ಕಟ್ಬಹುದು ಅನ್ನೋ ಲೆಕ್ಕ ಅದು. 1,200 ಚದರಡಿ ಸೈಟು, ಎಫ್‌ಎಆರ್ 2 ಅಂದ್ರೆ ಎಲ್ಲಾ ಮಹಡಿ ಕೂಡಿಸಿ 2,400 ಚದರಡಿ, ಅಷ್ಟೇ.

ಮೊದ್ಲು ಪೈಪು, ಆಮೇಲೆ ಮನೆ

ಪ್ಲ್ಯಾನಿಂಗ್‌ನಲ್ಲಿ ಏನು ಕಟ್ತೀವಿ ಅನ್ನೋದಕ್ಕಿಂತ ಯಾವುದರ ನಂತರ ಯಾವುದು ಅನ್ನೋದೇ ದೊಡ್ಡದು. ನಮ್ಮ ಕಡೆ ಮೊದ್ಲು ಮನೆ, ಆಮೇಲೆ ಬೋರ್‌ವೆಲ್, ಆಮೇಲೆ ರಸ್ತೆ, ಆಮೇಲೆ ಆ ರಸ್ತೆ ಅಗೆದು ಯುಜಿಡಿ, ಅಂದ್ರೆ ಒಳಚರಂಡಿ. ಒಗ್ಗರಣೆ ಹಾಕಿದ್ಮೇಲೆ ಒಲೆ ಹುಡುಕಿದ ಹಾಗೆ.

ಈ ಜಿಲ್ಲೆಯಲ್ಲಿ ನೀರಿನ ವಿಷ್ಯ ಇನ್ನೂ ಸೂಕ್ಷ್ಮ. ಬೆಂಗಳೂರಿಗೆ ಹೋಗೋ ಕಾವೇರಿ ಪೈಪುಗಳು ತೊರೆಕಾಡನಹಳ್ಳಿಯಿಂದ ಹೊರಟು ಹಾರೋಹಳ್ಳಿ ದಾಟಿ ಇದೇ ಜಿಲ್ಲೆ ನೆಲದ ಮೇಲೆ ಹಾದು ಹೋಗ್ತವೆ. 2024ರ ಅಕ್ಟೋಬರ್‌ನಲ್ಲಿ ಚಾಲೂ ಆದ ಐದನೇ ಹಂತ ದಿನಕ್ಕೆ 775 ದಶಲಕ್ಷ ಲೀಟರಿನದ್ದು, ಅದು ಬೆಂಗಳೂರಿನ ಅಂಚಿನ 110 ಹಳ್ಳಿಗಳಿಗೆ ಅಂತ ಮಾಡಿದ್ದು. ಇತ್ಲಾಗಿಂದ ಒಳ್ಳೇ ನೀರು ಹೋಗುತ್ತೆ, ಅತ್ಲಾಗಿಂದ ವೃಷಭಾವತಿಯಲ್ಲಿ ಬೆಂಗಳೂರಿನ ಕೊಳಚೆ ಬಂದು ಬೈರಮಂಗಲ ಕೆರೆಗೆ ಬೀಳುತ್ತೆ. ಆ ಕೆರೆಯಲ್ಲಿ ನೊರೆ ಎದ್ದು ನಿಂತಿರೋದನ್ನ ಒಂದ್ಸಲ ನೋಡಿದ್ರೆ ಸಾಕು. ಟೌನ್‌ಶಿಪ್ ಬರೋದು ಆ ಕೆರೆಯ ಸುತ್ತಲೇ, ಹಾಗಾಗಿ ಕೆರೆ ಶುದ್ಧ ಮಾಡೋ ಮಾತು ಅಲಂಕಾರಕ್ಕಲ್ಲ, ಅದಿಲ್ದೆ ಅಲ್ಲಿ ಬಾಲ್ಕನಿ ಬಾಗಿಲು ತೆಗೆಯೋಕೇ ಆಗಲ್ಲ.

ಇನ್ನು ಮಳೆ ನೀರು. 2022ರ ಆಗಸ್ಟ್ ಕೊನೆಯಲ್ಲಿ ಸುರಿದ ಮಳೆಗೆ ರಾಮನಗರದ ಹತ್ರ ಹೊಸ ಹೈವೇ ಮೇಲೇ ಬಸ್ಸು ಕಾರು ಮುಳುಗಿ ನಿಂತಿದ್ದು ಟೀವಿಯಲ್ಲಿ ನೋಡಿರ್ತೀರ. ಕೆರೆಗಳೆಲ್ಲ ಒಂದಕ್ಕೊಂದು ಸರಪಳಿ, ಮೇಲಿನ ಕೆರೆ ಕೋಡಿ ಬಿದ್ರೆ ನೀರು ಹಳ್ಳದಲ್ಲಿ ಕೆಳಗಿನ ಕೆರೆಗೆ ಹೋಗ್ಬೇಕು. ಮಧ್ಯದಲ್ಲಿ ರಸ್ತೆಯೋ ಲೇಔಟೋ ಏರಿ ಥರ ಅಡ್ಡ ಬಂದ್ರೆ ನೀರು ನಿಲ್ಲುತ್ತೆ. ಮ್ಯಾಪಲ್ಲಿ ಹಳ್ಳದ ಎರಡೂ ಕಡೆ ಇಷ್ಟು ಮೀಟರ್ ಕಟ್ಬಾರ್ದು ಅಂತ ಬಿಡೋ ಪಟ್ಟಿಗೆ ಬಫರ್ ಅಂತಾರೆ. ಹನ್ನೊಂದು ತಿಂಗಳು ಅದು ವೇಸ್ಟ್ ಜಾಗದ ಥರ ಕಾಣುತ್ತೆ.

ಜಮೀನು ಒಬ್ರದ್ದು, ಬೆಲೆ ಏರಿದ ಲಾಭ ಯಾರದ್ದು

ರಸ್ತೆ, ನೀರು, ಮೆಟ್ರೋ ಎಲ್ಲಾ ಸಾರ್ವಜನಿಕ ದುಡ್ಡಲ್ಲಿ ಬರುತ್ತೆ, ಬಂದ ತಕ್ಷಣ ಪಕ್ಕದ ಖಾಸಗಿ ಜಮೀನಿನ ಬೆಲೆ ಏರುತ್ತೆ. ಆ ಏರಿಕೆಯಲ್ಲಿ ಊರಿಗೂ ಒಂದು ಪಾಲು ಬರ್ಬೇಕು, ಅದ್ರಲ್ಲೇ ಮುಂದಿನ ಪೈಪು ಹಾಕ್ಬೇಕು ಅನ್ನೋದು ಪ್ಲ್ಯಾನಿಂಗ್‌ನ ಹಳೇ ಆಸೆ. ಅದಕ್ಕೆ ಮುಖ್ಯವಾಗಿ ಎರಡು ದಾರಿ.

ಒಂದು ಭೂಸ್ವಾಧೀನ. ಸರ್ಕಾರ ಪರಿಹಾರ ಕೊಟ್ಟು ಜಮೀನು ತಗೊಂಡು, ಅಭಿವೃದ್ಧಿ ಮಾಡಿ, ಹಂಚುತ್ತೆ ಅಥವಾ ಮಾರುತ್ತೆ. ರೈತರು ಯಾಕೆ ಸಿಟ್ಟಾಗ್ತಾರೆ ಅಂದ್ರೆ ಎಕರೆ ಲೆಕ್ಕದಲ್ಲಿ ಕೊಟ್ಟ ಜಮೀನು ನಾಳೆ ಚದರಡಿ ಲೆಕ್ಕದಲ್ಲಿ ಮಾರಾಟ ಆಗೋದನ್ನ ಅವರೇ ಕಣ್ಣಾರೆ ನೋಡ್ಬೇಕು. ಜೊತೆಗೆ ಬಿಡದಿ ಕಡೆ ತೆಂಗು, ಹಿಪ್ಪುನೇರಳೆ, ಹಸು ಇರೋ ಮನೆಗೆ ದಿನದ ಆದಾಯ ಇದೆ, ಪರಿಹಾರದ ದುಡ್ಡು ಒಂದೇ ಸಲ ಬಂದು ಹೋಗುತ್ತೆ. ಮುಂಬೈ ಪಕ್ಕ ಹೊಸದಾಗಿ ಕಟ್ಟಿದ ನವಿ ಮುಂಬೈನಲ್ಲಿ ಇದೇ ಜಗಳ ದೊಡ್ಡದಾಗಿ, ಕೊನೆಗೆ ರೈತರಿಂದ ತಗೊಂಡ ಜಮೀನಿನಲ್ಲಿ 12.5 ಪರ್ಸೆಂಟ್ ಅಭಿವೃದ್ಧಿಪಡಿಸಿ ವಾಪಸ್ ಕೊಡೋ ಸ್ಕೀಮ್ ಬಂತು. ನಮ್ಮಲ್ಲಿ ಕೆಂಪೇಗೌಡ ಲೇಔಟ್‌ನಲ್ಲಿ ಬಿಡಿಎ ದುಡ್ಡಿನ ಬದಲು 40 ಪರ್ಸೆಂಟ್ ಅಭಿವೃದ್ಧಿ ಆದ ಜಾಗ ಕೊಡ್ತೀವಿ ಅಂತು, ಜನ 60:40 ಅನ್ನೋದು ಅದನ್ನೇ.

ಇನ್ನೊಂದು ದಾರಿ ಟಿಪಿ ಸ್ಕೀಮ್, ಅಂದ್ರೆ ಟೌನ್ ಪ್ಲ್ಯಾನಿಂಗ್ ಸ್ಕೀಮ್, ಗುಜರಾತ್‌ನಲ್ಲಿ ಇದು ತುಂಬಾ ಓಡುತ್ತೆ, ನಮ್ಮ 1961ರ ಕಾಯ್ದೆಯಲ್ಲೂ ಇದೆ ಆದ್ರೆ ಬಳಕೆ ಕಮ್ಮಿ. ಇದು ಹೇಗೆ ಅಂದ್ರೆ ಅಣ್ಣತಮ್ಮಂದಿರು ಡೊಂಕು ಡೊಂಕಾದ ಹೊಲಗಳನ್ನೆಲ್ಲ ಒಂದೇ ಅಂತ ಕೂಡಿಸಿ, ದಾರಿಗೆ ಬಾವಿಗೆ ಅಂತ ಎಲ್ಲರೂ ಸ್ವಲ್ಪ ಸ್ವಲ್ಪ ಬಿಟ್ಟು, ನೇರವಾಗಿ ಹೊಸದಾಗಿ ಪಾಲು ಮಾಡ್ಕೊಂಡ ಹಾಗೆ. ಜಮೀನು ಅಳತೆಯಲ್ಲಿ ಕಮ್ಮಿ ಆಗುತ್ತೆ, ಆದ್ರೆ ಎಲ್ಲರ ತುಂಡಿಗೂ ರಸ್ತೆ ಸಿಗುತ್ತೆ, ಮಾಲೀಕ ಮಾಲೀಕನಾಗೇ ಉಳೀತಾನೆ. ಪಾಲಿನ ಜಗಳ ಗೊತ್ತಿರೋರಿಗೆ ಇದು ಎಷ್ಟು ನಿಧಾನ ಅಂತ ಬೇರೆ ಹೇಳ್ಬೇಕಾಗಿಲ್ಲ.

ಬಿಡದಿಗೆ ಈ ಟೌನ್‌ಶಿಪ್ ಹೊಸ ಸುದ್ದಿ ಅಲ್ಲ. 2006ರ ಹೊತ್ತಿಗೇ ಬಿಡದಿ, ರಾಮನಗರ, ಸಾತನೂರು, ಸೋಲೂರು, ನಂದಗುಡಿ ಅಂತ ಬೆಂಗಳೂರಿನ ಸುತ್ತ ಐದು ಟೌನ್‌ಶಿಪ್ ಮಾಡೋ ಯೋಚನೆ ಇತ್ತು. ಅದು ಆಗ್ಲಿಲ್ಲ, ಆದ್ರೆ ಪ್ರಸ್ತಾವ ಪೂರ್ತಿ ಸಾಯ್ಲೂ ಇಲ್ಲ. ಪ್ಲ್ಯಾನಿಂಗ್‌ನಲ್ಲಿ ಜನಕ್ಕೆ ಜಾಸ್ತಿ ತೊಂದರೆ ಕೊಡೋದು ಇದೇ, ಹೂಂ ಅಂತಲೂ ಇಲ್ಲ ಊಹೂಂ ಅಂತಲೂ ಇಲ್ಲ, ಮಾರೋಕಾಗಲ್ಲ, ಮನೆ ಕಟ್ಟೋಕೆ ಧೈರ್ಯ ಬರಲ್ಲ, ಬ್ಯಾಂಕಲ್ಲಿ ಸಾಲ ಕೇಳಿದ್ರೆ ಇಲ್ಲಸಲ್ಲದ ಪ್ರಶ್ನೆ.

ರೈಲು ಹತ್ರ ಬಂದ್ರೆ ಊರು ಹೇಗೆ ಬದಲಾಗುತ್ತೆ

ಕಮ್ಯೂಟರ್ ಊರಲ್ಲಿ ದೂರವನ್ನ ಕಿಲೋಮೀಟರಲ್ಲಿ ಅಳೆಯಲ್ಲ, ನಿಮಿಷದಲ್ಲಿ ಅಳೀತಾರೆ. ನೇರಳೆ ಮೆಟ್ರೋ 2021ರಲ್ಲಿ ಕೆಂಗೇರಿಗೆ, 2023ರಲ್ಲಿ ಚಲ್ಲಘಟ್ಟಕ್ಕೆ ಬಂತು, ಅದನ್ನ ಬಿಡದಿಗೆ ಎಳೆಯೋ ಮಾತೂ ಇದೆ. ಉಪನಗರ ರೈಲು ಯೋಜನೆ ನಾಲ್ಕು ಕಾರಿಡಾರ್, 148 ಕಿಲೋಮೀಟರ್, ಆದ್ರೆ ಈ ಕಡೆ ಅದರ ಕೊನೇ ತುದಿ ಕೆಂಗೇರಿ. ರಾಮನಗರದವರಿಗೆ ಸದ್ಯಕ್ಕೆ ಮಾಮೂಲಿ ಮೈಸೂರು ಲೈನೇ ಗತಿ.

ಟಿಓಡಿ ಅಂದ್ರೆ ಸ್ಟೇಷನ್‌ನಿಂದ ನಡೆದು ಹೋಗೋಷ್ಟು ದೂರದಲ್ಲಿ ಜಾಸ್ತಿ ಮನೆ, ಜಾಸ್ತಿ ಆಫೀಸು, ಜಾಸ್ತಿ ಎಫ್‌ಎಆರ್ ಕೊಡೋದು. ಸ್ಟೇಷನ್ ಪಕ್ಕ ದೊಡ್ಡ ದೊಡ್ಡ ಬಂಗಲೆ, ಜನ ಇರೋದು ಐದು ಕಿಲೋಮೀಟರ್ ದೂರ ಅಂತಾದ್ರೆ ರೈಲಿದ್ರೂ ಎಲ್ಲರೂ ಬೈಕಲ್ಲೇ ಬರ್ತಾರೆ. ನವಿ ಮುಂಬೈ ಕಟ್ಟೋಕೆ 1970ರಲ್ಲಿ ಸಿಡ್ಕೋ ಅನ್ನೋ ಸರ್ಕಾರಿ ಸಂಸ್ಥೆ ಶುರುವಾಯ್ತು, ಆದ್ರೆ ವಾಶಿಗೆ ರೈಲು ಬಂದಿದ್ದು 1992ರಲ್ಲಿ. ಆ ಲೈನಿನ ಖರ್ಚಲ್ಲಿ ಮೂರನೇ ಎರಡು ಭಾಗ ಸಿಡ್ಕೋನೇ ಹಾಕಿ, ಸ್ಟೇಷನ್ ಮೇಲೇ ಆಫೀಸು ಕಟ್ಟಡ ಎಬ್ಬಿಸಿದ್ರು. ಬೆಳಿಗ್ಗೆ ಒಂದೇ ಕಡೆ ತುಂಬಿ ಹೋಗೋ ರೈಲು ವಾಪಸ್ ಖಾಲಿ ಬರ್ಬಾರ್ದು ಅಂದ್ರೆ ಈ ತುದಿಯಲ್ಲೂ ಕೆಲಸ ಇರ್ಬೇಕು. ಬಿಡದಿಗೆ ಬರೋ ಫ್ಯಾಕ್ಟರಿ ಜನರ ವಿಷ್ಯ ಮೊದ್ಲೇ ಹೇಳಿದ್ದು ಇದಕ್ಕೇ.

ಬೈಪಾಸ್ ಬಂದ್ಮೇಲೆ ಹಳೇ ಪೇಟೆ

2023ರ ಮಾರ್ಚಲ್ಲಿ ಉದ್ಘಾಟನೆಯಾದ ಬೆಂಗಳೂರು ಮೈಸೂರು ಎಕ್ಸ್‌ಪ್ರೆಸ್‌ವೇ ಬಿಡದಿಗೆ ಒಂದು ಬೈಪಾಸು, ರಾಮನಗರ ಚನ್ನಪಟ್ಟಣ ಎರಡನ್ನೂ ದಾಟಿಸೋ ಉದ್ದದ ಇನ್ನೊಂದು ಬೈಪಾಸು ತಂತು. ಅದಕ್ಕೂ ಮುಂಚೆ ಮೈಸೂರಿಗೆ ಹೋಗೋ ಪ್ರತಿ ಕಾರೂ ಬಿಡದಿ ತಟ್ಟೆ ಇಡ್ಲಿ ಹೋಟೆಲ್ ಮುಂದೆ, ಚನ್ನಪಟ್ಟಣದ ಬೊಂಬೆ ಅಂಗಡಿ ಮುಂದೆ ಹಾದೇ ಹೋಗ್ಬೇಕಿತ್ತು. ಈಗ ಮೇಲಿಂದ ಹಾರಿ ಹೋಗ್ತವೆ. ಮದ್ದೂರಲ್ಲೂ ಇದೇ ಕಥೆ. ಊರೊಳಗೆ ಲಾರಿ ಕಾಟ ತಪ್ಪಿತು, ರಸ್ತೆ ದಾಟೋಕೆ ಜೀವ ಕೈಯಲ್ಲಿ ಹಿಡೀಬೇಕಾಗಿಲ್ಲ, ಅದು ನಿಜ. ಗಲ್ಲಾಪೆಟ್ಟಿಗೆಯೂ ಹಗುರ ಆಯ್ತು, ಅದೂ ನಿಜ. 2023ರ ಆಗಸ್ಟಿಂದ ಬೈಕು ಆಟೋ ಎಕ್ಸ್‌ಪ್ರೆಸ್‌ವೇ ಹತ್ತೋ ಹಾಗಿಲ್ಲ, ಹಾಗಾಗಿ ಹಳೇ ರಸ್ತೆ, ಸರ್ವಿಸ್ ರಸ್ತೆ ಈಗ ಸ್ಥಳೀಯರದ್ದೇ.

ರೀಜನರೇಷನ್ ಅಂತ ಪ್ಲ್ಯಾನರ್‌ಗಳು ಹೇಳೋದು ಇಂಥ ಕಡೆ. ಕನ್ನಡದಲ್ಲಿ ಪುನಶ್ಚೇತನ ಅಂತಾರೆ, ಅರ್ಥ ಸುಲಭ: ಹೊಸ ಹೊಲ ಅಗೆಯೋದಲ್ಲ, ಇರೋ ಊರಿಗೇ ಮತ್ತೆ ಜನ ಬರೋ ಹಾಗೆ ಮಾಡೋದು. ದಾರಿಹೋಕರಿಗೆ ಅಂತ ಇದ್ದ ನಾಲ್ಕು ಲೇನ್ ರಸ್ತೆ ಈಗ ಊರಿನ ಬೀದಿ ಆಗ್ಬೇಕು, ಫುಟ್‌ಪಾತು, ಮರ, ಬಸ್ಸು ನಿಲ್ಲೋಕೆ ಜಾಗ, ಸಂತೆಗೆ ಜಾಗ. ಹೊಸ ಲೇಔಟ್‌ಗೆ ಹೋಲಿಸಿದ್ರೆ ಒಂದು ಅನುಕೂಲ ಇದೆ, ರಸ್ತೆ ಕರೆಂಟು ಎಲ್ಲಾ ಆಗ್ಲೇ ಇದೆ.

ರಾಮನಗರದಲ್ಲಿ ಇದು ಇನ್ನೂ ಜಟಿಲ, ಯಾಕಂದ್ರೆ ಅಲ್ಲಿ ಹಳೇ ಊರೇ ಕಾರ್ಖಾನೆ. ಏಷ್ಯಾದಲ್ಲೇ ದೊಡ್ಡದು ಅಂತ ಹೆಸರಾದ ರೇಷ್ಮೆಗೂಡಿನ ಮಾರುಕಟ್ಟೆ ಅಲ್ಲಿದೆ, ಗೂಡು ಕೊಂಡೋರು ಓಣಿ ಓಣಿಯ ಸಣ್ಣ ಸಣ್ಣ ಮನೆಗಳಲ್ಲಿ, ಶೆಡ್ಡುಗಳಲ್ಲಿ ಅದನ್ನ ಬೇಯಿಸಿ ನೂಲು ತೆಗೀತಾರೆ. ಕುದಿಯೋ ನೀರು, ಸೌದೆ ಹೊಗೆ, ಹುಳದ ವಾಸನೆ, ಚರಂಡಿಗೆ ಹೋಗೋ ಕೊಳಕು ನೀರು ಎಲ್ಲಾ ಅಲ್ಲೇ, ಗಂಡ ಹೆಂಡ್ತಿ ಇಬ್ಬರಿಗೂ ಕೂಲಿಯೂ ಅಲ್ಲೇ. ಇದಕ್ಕೆ ಯಾವ ಬಣ್ಣ ಹಾಕ್ತೀರ? ಹಳದಿ ಹಾಕಿದ್ರೆ ಮನೆ ಮನೆಯಲ್ಲಿ ನೂಲು ತೆಗೆಯೋ ಬೇಸಿನ್ ನಿಯಮ ಮೀರಿದ ಹಾಗೆ, ನೇರಳೆ ಹಾಕಿದ್ರೆ ಮಕ್ಕಳು ಮಲಗೋ ಜಾಗ ಕೈಗಾರಿಕೆ ವಲಯ. ಎತ್ತಿ ಊರಾಚೆ ಶೆಡ್ಡಿಗೆ ಹಾಕಿದ್ರೆ ವಾಸನೆ ಹೋಗುತ್ತೆ, ಮಗು ನೋಡ್ಕೊಂಡೇ ನೂಲು ತೆಗೀತಿದ್ದ ಹೆಂಗಸಿನ ಕೆಲ್ಸಾನೂ ಹೋಗುತ್ತೆ. ಪ್ಲ್ಯಾನರ್‌ಗಳ ಹತ್ರ ಇದಕ್ಕೆ ಮಿಶ್ರ ಬಳಕೆ ಅಂತ ಒಂದು ಉತ್ತರ ಇದೆ, ಮನೆ ಕೆಲಸ ಎರಡೂ ಇರ್ಲಿ, ಆದ್ರೆ ಆ ಕೊಳಕು ನೀರಿಗೆ ಬೇರೆ ಪೈಪು, ಅದರ ಶುದ್ಧೀಕರಣಕ್ಕೆ ಎಲ್ಲರಿಗೂ ಸೇರಿ ಒಂದು ಘಟಕ. ಬರೆಯೋಕೆ ಒಂದು ಸಾಲು. ನೆಲದ ಮೇಲೆ ಮಾಡೋಕೆ ಅಲ್ಲಿನ ಓಣಿಗಳು ಎಂಟು ಹತ್ತು ಅಡಿ.

60 ದಿನ

ಕರಡು ಮಾಸ್ಟರ್ ಪ್ಲ್ಯಾನ್ ಪ್ರಕಟ ಆದ್ಮೇಲೆ ಸಾರ್ವಜನಿಕರು ಆಕ್ಷೇಪಣೆ ಕೊಡೋಕೆ 60 ದಿನ ಇರುತ್ತೆ. ಪೇಪರಲ್ಲಿ ಸಣ್ಣಕ್ಷರದ ಜಾಹೀರಾತು ಬರುತ್ತೆ, ಪ್ರಾಧಿಕಾರದ ಆಫೀಸಲ್ಲಿ ಮ್ಯಾಪು ತೂಗು ಹಾಕಿರ್ತಾರೆ. ಸರ್ವೆ ನಂಬರ್ ಹೇಳಿ ನಿಮ್ಮ ಜಮೀನಿಗೆ ಯಾವ ಬಣ್ಣ, ಪಕ್ಕದಲ್ಲಿ ಯಾವ ಬಣ್ಣ, ಹಳ್ಳ ಎಲ್ಲಿದೆ, ಮುಂದೆ ಬರೋ ರಸ್ತೆ ಎಷ್ಟು ಮೀಟರು ಅಂತ ನೋಡಿ, ತಕರಾರಿದ್ರೆ ಲಿಖಿತವಾಗಿ ಕೊಟ್ಟು ಸ್ವೀಕೃತಿ ತಗೋಬೇಕು. ಬಾಯಲ್ಲಿ ಹೇಳಿ ಬಂದ್ರೆ ಲೆಕ್ಕಕ್ಕಿಲ್ಲ. ಸರ್ಕಾರದಿಂದ ಅಂತಿಮ ಒಪ್ಪಿಗೆ ಆದ್ಮೇಲೆ ಒಂದು ತುಂಡಿಗೆ ಬಣ್ಣ ಬದಲಾಯಿಸೋಕೆ ಬೇರೇನೇ ಅರ್ಜಿ, ಫೀಸು, ವರ್ಷಗಟ್ಟಲೆ ಓಡಾಟ.

ಚಿಕ್ಕಪ್ಪನ ಜೊತೆ ನಾನೂ ಹೋಗಿ ಬಣ್ಣದ ಮ್ಯಾಪು ನೋಡ್ಕೊಂಡು ಬಂದೆ. ಬ್ರೋಕರ್ ಸುಳ್ಳು ಹೇಳಿರ್ಲಿಲ್ಲ, ಸುತ್ತು ಹಾಕಿದ ಜಾಗ ಹಳದಿನೇ. ಆದ್ರೆ ಅದರ ಮಧ್ಯದಲ್ಲಿ ಒಂದು ಬೂದು ಪಟ್ಟಿ ಹಾದು ಹೋಗಿತ್ತು, ಮುಂದೆ ಯಾವತ್ತೋ ಬರ್ಬೇಕಾದ ರಸ್ತೆ. ಜೆರಾಕ್ಸ್‌ನಲ್ಲಿ ಎಲ್ಲಾ ಬೂದು ಇದ್ದಿದ್ರಿಂದ ಅದೊಂದು ಕಾಣಿಸಿರ್ಲಿಲ್ಲ.